ಝೊಹರಾ ಕೊಟ್ಟ ಪೊಟ್ಟಣ

ಶಕುನ, ಮುನ್ಸೂಚನೆ ಎಂದೆಲ್ಲ ಯಾರಾದರೂ ಶುರುಮಾಡಿದರೆ ನನಗೆ ನಗು ಬರುತ್ತಿತ್ತು. ಮಸ್ಕತ್ತಿನಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವವಳು ನಾನು. ಎರಡೂ ಎರಡೂ ಸೇರಿದರೆ ನಾಲ್ಕೇ ಆಗಬೇಕು ಎನ್ನುವ ಜಾತಿ. ಈಗ ನಾನು ಹೇಳುವುದನ್ನು ಕೇಳಿ ನೀವೂ ನಗಬಹುದು, ನನಗೇನೂ ಬೇಸರವಿಲ್ಲ.

ಅಲ್ ಖುವೈರ್‌ನಲ್ಲಿ ನಮ್ಮ ಎದುರು ಫ್ಲಾಟಿನವಳು ಝೊಹರಾ. ಉಳ್ಳಾಲದ ಬ್ಯಾರಿ ಹುಡುಗಿ, ಗಂಡನಿಗೆ ಮವಾಲೇಹ್ ಮಾರುಕಟ್ಟೆಯಲ್ಲಿ ತರಕಾರಿ ವ್ಯಾಪಾರ. ನನಗೆ ಟೈಫಾಯ್ಡ್ ಆದಾಗ ಹದಿನೈದು ದಿನ ಗಂಜಿ ಬೇಯಿಸಿ ಕೊಟ್ಟವಳು. ಇಲ್ಲಿ ನಮ್ಮ ಊರಿನವರಲ್ಲಿ ಒಂದು ರಿವಾಜು ಉಂಟು. ಯಾರು ಊರಿಗೆ ಹೊರಟರೂ ಅವರ ಪೆಟ್ಟಿಗೆಯಲ್ಲಿ ಉಳಿದವರದ್ದೂ ಒಂದೊಂದು ಪೊಟ್ಟಣ. ಕೊಡುವವರು ಟೇಪು ಸುತ್ತಿ ಕೊಡುತ್ತಾರೆ, ಒಯ್ಯುವವರು ಒಳಗೆ ಎಂತ ಉಂಟು ಎಂದು ಕೇಳುವುದಿಲ್ಲ. ಕೇಳಿದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ.

ಕೆಲವು ವರ್ಷಗಳ ಹಿಂದೆ, ನಾನು ಊರಿಗೆ ಹೊರಡುವ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ ಝೊಹರಾ ತನ್ನ ತಾಯಿಗೆಂದು ಒಂದು ಪೊಟ್ಟಣ ತಂದಳು. ಯಾವತ್ತೂ ಬಾಯಿ ಮುಚ್ಚದವಳು ಅವತ್ತು ಹೆಚ್ಚು ಮಾತಾಡಲಿಲ್ಲ.

"ಉಮ್ಮನ ಕೈಯಲ್ಲೇ ಕೊಡಿ ಅಕ್ಕ. ಬಿಚ್ಚಬೇಡಿ."

ಆಯ್ತು ಮಾರಾಯ್ತಿ ಎಂದು ಪೆಟ್ಟಿಗೆಗೆ ಹಾಕಿದೆ.

ಊಟವಾದ ಮೇಲೆ ಮಗಳ ಜೊತೆ ಟಿವಿ ಮುಂದೆ ಕೂತೆ. ಅವಳು ನೋಡುವ ಇಂಗ್ಲಿಷ್ ಧಾರಾವಾಹಿ. ಆಕಾಶನೌಕೆಯೊಂದರಲ್ಲಿ ಏಳು ಜನ, ಅವರಲ್ಲಿ ಒಬ್ಬರು ಮನುಷ್ಯರೇ ಅಲ್ಲ, ಗೆಳೆಯರ ವೇಷ ಹಾಕಿಕೊಂಡ ಬೇರೆ ಏನೋ. ಯಾರು ಎಂದು ಗೊತ್ತಿಲ್ಲ. ಒಟ್ಟಿಗೆ ಉಂಡವರು ಒಬ್ಬರ ಕೈಯನ್ನು ಇನ್ನೊಬ್ಬರು ಸಂಶಯದಿಂದ ನೋಡುತ್ತಾ ಕೂತಿದ್ದರು. ಆಗ ಅಡುಗೆಯ ಹೆಂಗಸು ಸಂಗಾತಿಯೊಬ್ಬಳ ಕೈಯಲ್ಲಿ ಮುಚ್ಚಿದ ಕಟ್ಟೊಂದನ್ನಿಟ್ಟು, ಬಿಚ್ಚಬೇಡ ಎಂದಳು. ಇವಳು ತಡೆಯಲಾಗದೆ ಚೂರಿ ಹಾಕಿದಳು. ಒಳಗಿದ್ದದ್ದು ಬಿಳಿ ಬಟ್ಟೆ. ಚೂರಿ ತಾಗಿ ಅದರ ಮೂಲೆ ಹರಿದಿತ್ತು. ಅಷ್ಟನ್ನು ನಾನು ಈ ಎರಡು ಕಣ್ಣಿನಿಂದ ನೋಡಿದ್ದೇನೆ.

ಅಲ್ಲಿಂದ ನನ್ನ ಮನಸ್ಸು ಕೆಟ್ಟಿತು. ಗುರುತಿನವರ ಪೊಟ್ಟಣ ಒಯ್ದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಕತೆಗಳೆಲ್ಲ ನೆನಪಾದವು. ಝೊಹರಾ ಯಾಕೆ ಮಾತಾಡಲಿಲ್ಲ? ಅವಳ ಗಂಡ ಈಚೆಗೆ ಯಾಕೆ ಮುಖ ತಪ್ಪಿಸುತ್ತಾನೆ? ಅವಳ ಗಂಜಿ ಉಂಡವಳು ನಾನು, ಛೀ, ಏನೇನೆಲ್ಲ ಅಂದುಕೊಂಡೆ. ಕೊನೆಗೆ ಕೋಣೆಯ ಚಿಲಕ ಹಾಕಿ, ಪೊಟ್ಟಣ ತೆಗೆದು, ಟೇಪಿಗೆ ಚೂರಿ ಹಾಕಿದೆ.

ಬಿಳಿ ಬಟ್ಟೆ. ಹೊಲಿಗೆ ಇಲ್ಲದ್ದು. ಚೂರಿ ತಾಗಿ ಮೂಲೆ ಹರಿದಿತ್ತು. ಮೇಲೆ ಝೊಹರಾಳ ಅಕ್ಷರದಲ್ಲಿ ಒಂದು ಚೀಟಿ: ಉಮ್ಮಾ, ನೀವು ಕೇಳಿದ ಕಫನ್, ಮೆಕ್ಕಾದಲ್ಲಿ ಝಮ್‌ಝಮ್ ನೀರಿನಲ್ಲಿ ನಾನೇ ಅದ್ದಿ ಒಣಗಿಸಿದ್ದು. ಸತ್ತ ಮೇಲೆ ತನ್ನ ಮೈಗೆ ಸುತ್ತಲೆಂದು ಮುದುಕಿ ಮಗಳಿಂದ ತರಿಸಿಕೊಂಡ ಬಟ್ಟೆ ಅದು.

ಓಡಿಹೋಗಿ ಅದೇ ಸಂಚಿಕೆಯನ್ನು ಮೊದಲಿನಿಂದ ಹಾಕಿದೆ. ಅಡುಗೆಯವಳು ಇದ್ದಾಳೆ, ಏಳೂ ಜನ ಇದ್ದಾರೆ. ಕಟ್ಟು ಇಲ್ಲ, ಬಿಳಿ ಬಟ್ಟೆ ಇಲ್ಲ. ಎರಡು ಸಲ ನೋಡಿದೆ. ಮಗಳನ್ನು ಕೇಳಿದರೆ, "ವಾಟ್ ಪಾರ್ಸೆಲ್, ಅಮ್ಮಾ?" ಎಂದಳು.

ಹೊಸ ಟೇಪು ಸುತ್ತಿ ಒಯ್ದೆ. ಉಳ್ಳಾಲದಲ್ಲಿ ಝೊಹರಾಳ ಉಮ್ಮ ನನ್ನೆದುರೇ ಬಿಚ್ಚಿದರು. ಹರಿದ ಮೂಲೆಯನ್ನು ಬೆರಳಲ್ಲಿ ಸವರಿ ನನ್ನ ಮುಖ ನೋಡಿದರು. ಕಸ್ಟಮ್ಸಿನವರು ಬಿಚ್ಚಿದರು ಎನ್ನುವ ಸುಳ್ಳು ನನ್ನ ನಾಲಿಗೆಯ ಮೇಲೇ ಇತ್ತು, ಹೊರಗೆ ಬರಲಿಲ್ಲ.

"ಹೆದರಿಕೆಯಾಯ್ತಾ ಮಗಾ?" ಎಂದು ತುಳುವಿನಲ್ಲಿ ಕೇಳಿದರು. ನಾನು ಅತ್ತುಬಿಟ್ಟೆ. "ಝೊಹರಾಳಿಗೆ ಹೇಳಬೇಡ. ಆ ಊರಲ್ಲಿ ಅವಳಿಗೆ ನೀನಲ್ಲದೆ ಬೇರೆ ಯಾರಿದ್ದಾರೆ?" ಎಂದರು.

ಕಳೆದ ವರ್ಷ ಆ ತಾಯಿ ತೀರಿಕೊಂಡರು. ಝೊಹರಾಳಿಗೆ ಊರಿಗೆ ಹೋಗಲು ಆಗಲಿಲ್ಲ, ನಮ್ಮ ಮನೆಯಲ್ಲೇ ಕೂತು ಅತ್ತಳು. ನನ್ನ ಎರಡೂ ಕೈ ಹಿಡಿದು, ಉಮ್ಮನನ್ನು ಅದೇ ಬಟ್ಟೆಯಲ್ಲಿ ಸುತ್ತಿದರಂತೆ ಅಕ್ಕ, ಬೇರೆ ಯಾರ ಕೈಯಲ್ಲಿ ಕಳಿಸಲೂ ನನಗೆ ಧೈರ್ಯವಿರಲಿಲ್ಲ ಎಂದಳು. ಟಿವಿಯಲ್ಲಿ ನಾನು ಕಂಡದ್ದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಹಿಡಿದ ಕೈಗಳನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ, ಪೊಟ್ಟಣ ಬಿಚ್ಚಿದ್ದನ್ನು ಹೇಳಲೂ ಆಗಲಿಲ್ಲ.