ಕುಡುಕನ ಚಿತ್ರಕ್ಕೆ ಕೈ ಮುಗಿದದ್ದು

ಸಿಯಾಟಲ್‌ನ ಮ್ಯೂಸಿಯಂ ಒಂದರಲ್ಲಿ ಹಳೇ ಯುರೋಪಿನ ಚಿತ್ರವೊಂದರ ಮುಂದೆ ನಿಂತಿದ್ದೆ. ಹೆಂಡದಂಗಡಿಯ ಒಲೆ ಬೆಳಕಿನಲ್ಲಿ ಕುಡುಕನೊಬ್ಬ ಕೆಂಡದಿಂದ ಪೈಪು ಹಚ್ಚಿಕೊಳ್ಳುತ್ತಿದ್ದ. ಮ್ಯೂಸಿಯಂ ಹೊರಗೆ ಬಿರುಗಾಳಿ, ಸಂಜೆ ನಾಲ್ಕೂವರೆಗೇ ಕತ್ತಲು. ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು.

"ಯಾರೂ ಅಲ್ಲಾಡಬೇಡಿ!" ಗಾರ್ಡ್ ಕೂಗಿದ. ಆ ಕೋಣೆಯಲ್ಲಿ ಯಾರೂ ಅಂದರೆ ನಾನೊಬ್ಬನೇ. ಉಸಿರು ಬಿಗಿಹಿಡಿದು ನಿಂತೆ.

ಲೈಟ್ ಬಂದದ್ದೇ ತಡ, ನನ್ನ ಎರಡು ಕೈಗಳೂ ಎದ್ದು ಕೂಡಿಕೊಂಡವು. ಗಾರ್ಡ್ ಓಡಿಬಂದು ನನಗೂ ಚಿತ್ರಕ್ಕೂ ನಡುವೆ ನಿಂತ.

"ಕೈಯಲ್ಲೇನಿದೆ?"

"ಏನಿಲ್ಲ ಸಾರ್. ಮುಸ್ಸಂಜೆ ದೀಪ ಹತ್ತಿದರೆ ನಾವು ಕೈ ಮುಗೀತೀವಿ."

ಅವನು ತಿರುಗಿ ಚಿತ್ರ ನೋಡಿದ. "ಇವನಿಗಾ?"

ಇವನಿಗಲ್ಲ, ಬೆಳಕಿಗೆ ಎನ್ನುವಷ್ಟರಲ್ಲಿ ಕರೆಂಟ್ ಮತ್ತೆ ಹೋಯಿತು. ಈ ಸಲ ರಗಳೆಯೇ ಬೇಡ ಅಂತ ಎರಡೂ ಕೈಗಳನ್ನು ಜಾಕೆಟ್ ಜೇಬಿಗೆ ತುರುಕಿಕೊಂಡೆ. ಲೈಟ್ ಬಂದಾಗ ಗಾರ್ಡ್ ವಾಕಿಟಾಕಿಯನ್ನು ಬಾಯಿಗೆ ಹಿಡಿದು ನನ್ನ ಜೇಬುಗಳನ್ನೇ ದಿಟ್ಟಿಸುತ್ತಿದ್ದ.

"ಕೈ ಹೊರಗೆ ತೆಗಿ! ನಿಧಾನಕ್ಕೆ!"

ನಿಧಾನಕ್ಕೇ ತೆಗೆದೆ. ಹಾಳಾದ ಕೈಗಳು ಮತ್ತೆ ಕೂಡಿಕೊಂಡವು. ಆಣೆ ಮಾಡಿ ಹೇಳ್ತೀನಿ, ಈ ಸಲ ಬೆಳಕಿಗಲ್ಲ, ಗಾರ್ಡಿಗೇ.