ಅಂಟಿಸಿದ ಅಳು

ಮೊದಲು ಬರೆದದ್ದು ಫ್ರಿಜ್ಜಿನ ಬಗ್ಗೆ. ಹಾಲು ಮುಗಿದರೆ ತಾನೇ ಫೋನಿಗೆ ಸಂದೇಶ ಕಳಿಸುವ ಫ್ರಿಜ್ಜು ಬರುತ್ತಿದೆ ಎಂದು, ತಂತ್ರಜ್ಞಾನದ ಸುದ್ದಿ ಹಾಕುವ ಒಂದು ಕನ್ನಡ ಪುಟದಲ್ಲಿತ್ತು. ‘ಹಾಲು ಮುಗಿದಿದೆ ಎಂದು ಹೇಳುವವರು ನಮ್ಮ ಮನೆಯಲ್ಲಿ ಈಗಾಗಲೇ ಇದ್ದಾರೆ, ತರುವವರು ಬೇಕಾಗಿದ್ದಾರೆ’ ಎಂದು ಕೆಳಗೆ ಬರೆದೆ. ಚೆನ್ನೈನ ಟಿ. ನಗರದ ಕಚೇರಿಯಿಂದ ಹೊರಟ ಬಸ್ಸು ಪೋರೂರು ಮುಟ್ಟುವಷ್ಟರಲ್ಲಿ ಇನ್ನೂರು ಜನ ನಕ್ಕಿದ್ದರು.

ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತ, ಉಳಿದ ಹೊತ್ತಿನಲ್ಲಿ ಕಥೆ ಬರೆದವನು. ಕೊನೆಯಿಂದ ಶುರುವಾಗುವ ಕಥೆ, ಪಾತ್ರಗಳೇ ಇಲ್ಲದ ಕಥೆ, ಒಂದೇ ವಾಕ್ಯ ಹನ್ನೊಂದು ಪುಟ ಓಡುವ ಕಥೆ. ಇಪ್ಪತ್ತೈದು ವರ್ಷಗಳಲ್ಲಿ ಅವಕ್ಕೆ ಬಂದ ಓದುಗರ ಪತ್ರಗಳೆಲ್ಲ ಒಂದು ಲಕೋಟೆಯಲ್ಲಿ ಹಿಡಿಯುತ್ತವೆ. ಹಾಗಾಗಿ ಇನ್ನೂರು ಜನ ಒಟ್ಟಿಗೆ ನಕ್ಕದ್ದು ತಲೆಗೇರಿತು. ನನ್ನ ಹೆಸರು ಹಾಕದೆ ಒಂದು ಹಣ್ಣಿನ ಹೆಸರಿನ ಹಿಂದೆ ಕೂತು, ಬಂದ ಸುದ್ದಿಗೆಲ್ಲ ಬರೆಯತೊಡಗಿದೆ. ಚಾಲಕನಿಲ್ಲದ ಕಾರಿಗೆ: ‘ಪೋರೂರು ಸಿಗ್ನಲ್ಲಿನಲ್ಲಿ ಆಟೋದವನು ಬೈದರೆ ತಿರುಗಿ ಬೈಯುವವರು ಯಾರು?’ ನಿದ್ದೆ ಅಳೆಯುವ ಕೈಗಡಿಯಾರಕ್ಕೆ: ‘ನಮ್ಮ ಮ್ಯಾನೇಜರ್ ಕಟ್ಟಿಕೊಂಡರೆ ಅದು ಬೆಳಿಗ್ಗೆ ಹನ್ನೊಂದರಿಂದ ಎಣಿಸಬೇಕಾಗುತ್ತದೆ.’ ಸುದ್ದಿಯನ್ನು ಪೂರ್ತಿ ಓದುತ್ತಿರಲಿಲ್ಲ, ಶೀರ್ಷಿಕೆ ಸಾಕಿತ್ತು. ಪರವಾಗಿ ಬರೆಯಬೇಕೋ ವಿರೋಧವಾಗಿಯೋ ಎನ್ನುವುದು, ನಗು ಯಾವ ಕಡೆ ಇದೆ ಎನ್ನುವುದರ ಮೇಲೆ ನಿಂತಿತ್ತು.

ನಮ್ಮ ಮೇಲಿನ ಮಹಡಿಯಲ್ಲಿ ಅತ್ತಿಗೆ ಇದ್ದಾರೆ, ತೀರಿಹೋದ ನನ್ನ ಅಣ್ಣನ ಹೆಂಡತಿ. ಅವರು ಮದುವೆಯಾಗಿ ಬಂದಾಗ ನಾನು ಎಂಟನೇ ಕ್ಲಾಸು. ಇಂದಿಗೂ ನನಗೆ ಏಕವಚನವೇ. ಅಣ್ಣ ರೈಲ್ವೆಯಲ್ಲಿದ್ದ. ಅತ್ತಿಗೆಯದು ವಡಪಳನಿಯ ಸ್ಟುಡಿಯೋಗಳಲ್ಲಿ ಧ್ವನಿ ಕೊಡುವ ಕೆಲಸ. ಮೊದಲು ಕನ್ನಡ ಬಾರದ ನಟಿಯರಿಗೆ, ಆಮೇಲೆ ಸೋಪು ಎಣ್ಣೆಗಳ ಜಾಹೀರಾತಿಗೆ, ಈಗ ಕೆಲವು ವರ್ಷಗಳಿಂದ ಕನ್ನಡಕ್ಕೆ ಡಬ್ ಆಗುವ ಧಾರಾವಾಹಿಗಳ ತಾಯಂದಿರಿಗೆ, ಅತ್ತೆಯರಿಗೆ. ಪರದೆಯ ಮೇಲಿನವಳ ತುಟಿ ಸೇರಿದಾಗ ನಾವೂ ತುಟಿ ಸೇರಿಸಬೇಕು, ಅಷ್ಟೇ ಕಣೋ ಕೆಲಸ ಎನ್ನುತ್ತಿದ್ದರು.

ಅಣ್ಣ ಹೋಗಿ ಮೂರು ವಾರವೂ ಆಗಿರಲಿಲ್ಲ, ಅವರು ಸ್ಟುಡಿಯೋಗೆ ಹೋಗಬೇಕಾಯಿತು. ಮುಗಿಯದ ಒಂದು ಕಂತು, ಅದರಲ್ಲಿ ಗಂಡನ ಹೆಣದ ಮುಂದೆ ಹೆಂಡತಿ ಅಳುವ ದೃಶ್ಯ. ಆ ದಿನ ಏನಾಯಿತು ಎಂದು ಮುಂದೆ ಯಾವಾಗಲೋ ನನಗೆ ಹೇಳಿದರು. ನಮ್ಮ ಅಡುಗೆಮನೆಯಲ್ಲಿ ಹೇಳಿದರು ಎಂದು ನನಗೆ ನೆನಪು. ಇಲ್ಲ, ಆಸ್ಪತ್ರೆಯಿಂದ ತಮ್ಮ ರಿಪೋರ್ಟು ತರಲು ಹೋದಾಗ ಕಾಯುವ ಕುರ್ಚಿಯಲ್ಲಿ ಎಂದು ಅವರು ಹೇಳುತ್ತಾರೆ. ಎಲ್ಲಿ ಎಂಬುದನ್ನೇ ಸರಿಯಾಗಿ ಇಟ್ಟುಕೊಳ್ಳದವನು ಏನು ಎಂಬುದನ್ನು ಎಷ್ಟು ಸರಿಯಾಗಿ ಇಟ್ಟುಕೊಂಡಿದ್ದಾನು?

ಕಳೆದ ವರ್ಷ ಆ ಪುಟದಲ್ಲಿ ಹೊಸ ಸುದ್ದಿ ಬಂತು. ಯಾರದೇ ಹಳೆಯ ರೆಕಾರ್ಡಿಂಗನ್ನು ಯಂತ್ರಕ್ಕೆ ಕೊಟ್ಟರೆ, ಅದೇ ಧ್ವನಿಯಲ್ಲಿ ಅದು ಯಾವ ಮಾತನ್ನಾದರೂ ಆಡುತ್ತದಂತೆ, ಡಬ್ಬಿಂಗ್‌ಗೆ ಇನ್ನು ಮನುಷ್ಯರು ಬೇಡವಂತೆ. ಕೆಳಗೆ ಎಲ್ಲರೂ ಒಂದೇ ರಾಗ: ಯಂತ್ರ ಮಾತಾಡಬಹುದು, ಅಳುವುದಕ್ಕೆ ಮನುಷ್ಯರೇ ಬೇಕು. ಎಲ್ಲರೂ ಒಂದು ಕಡೆ ಇದ್ದರೆ ನಗು ಇನ್ನೊಂದು ಕಡೆ ಇರುತ್ತದೆ. ನಾನು ಬರೆದದ್ದು ಇದು:

‘ಭಾವನೆ ಮನುಷ್ಯರಿಗೆ ಮಾತ್ರ ಎನ್ನುವವರ ಗಮನಕ್ಕೆ. ನನಗೆ ಗೊತ್ತಿರುವ ಒಬ್ಬ ಡಬ್ಬಿಂಗ್ ಕಲಾವಿದೆ, ಗಂಡ ತೀರಿಕೊಂಡು ತಿಂಗಳಾಗುವ ಮೊದಲೇ ವಿಧವೆಯ ಅಳು ಅಳಲು ಹೋದರು. ಎಂಟು ಟೇಕಾದರೂ ಅಳು ಬರಲಿಲ್ಲ. ಕೊನೆಗೆ ಅವರದೇ ಹಳೆಯ ಅಳು ಹುಡುಕಿ ಅಂಟಿಸಿದರು. ಯಂತ್ರವಾದರೆ ಮೊದಲ ಟೇಕಿಗೇ ಅಳುತ್ತದೆ. ಗಂಡನೂ ಬೇಕಾಗಿಲ್ಲ.’

ಅಷ್ಟು ನಗು ನನಗೆ ಅದುವರೆಗೆ ಸಿಕ್ಕಿರಲಿಲ್ಲ. ‘ಆಫೀಸಲ್ಲಿ ಓದಿ ನಕ್ಕು ಮರ್ಯಾದೆ ಹೋಯ್ತು ಗುರುವೇ’ ಎಂದು ಒಬ್ಬರು. ‘ಇಷ್ಟು ದಿನ ಎಲ್ಲಿದ್ರಿ ಸಾರ್’ ಎಂದು ಇನ್ನೊಬ್ಬರು. ಎರಡು ದಿನ ನಾನು ಊಟಕ್ಕೆ ಕೂತಾಗಲೂ ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡಿದ್ದೆ.

ಮೂರನೆಯ ದಿನ ಕಾಲೇಜಿಗೆ ಹೊರಟಿದ್ದ ಮಗಳು ಬಾಗಿಲಲ್ಲಿ ನಿಂತಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರಿಸುವವಳು ಅವಳು. ಗೆಳತಿಯೊಬ್ಬಳು ಕಳಿಸಿದ ಚಿತ್ರದಲ್ಲಿ ನನ್ನ ಬರಹವಿತ್ತು. ಅದೇ ಹಣ್ಣಿನ ಹೆಸರಿನಲ್ಲಿ ನಮ್ಮ ಮನೆಯ ಹಾಲಿನ ಜೋಕೂ ಇರುವುದನ್ನು ಅವಳು ಪುಟಕ್ಕೆ ಹೋಗಿ ಹುಡುಕಿದ್ದಳು.

“ಪೆರಿಯಮ್ಮಾವುಕ್ಕು ತೆರಿಯುಮಾ?” ಎಂದಳು. ದೊಡ್ಡಮ್ಮನಿಗೆ ಗೊತ್ತಾ?

“ಹೆಸರು ಹಾಕಿಲ್ಲವಲ್ಲಮ್ಮ.”

ಅವಳು ಚಪ್ಪಲಿ ಹಾಕಿಕೊಂಡು ಹೋದಳು.

ಅವಳು ಹೋದ ಕೂಡಲೇ ಅದನ್ನು ಅಳಿಸಿದೆ ಎಂದೇ ಈಗ ನನ್ನ ನೆನಪು. ಬಾಗಿಲ ಬಳಿ ನಿಂತು ಬೆರಳಿನಿಂದ ಒತ್ತಿದ್ದು, ನಿಟ್ಟುಸಿರು ಬಿಟ್ಟದ್ದು ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅಳಿಸಿರಲಿಲ್ಲ. ಫೋನಿನ ಚಿತ್ರಗಳಲ್ಲಿ ಆ ಬೆಳಿಗ್ಗೆಯದೊಂದು ಸ್ಕ್ರೀನ್‌ಶಾಟ್ ಇದೆ, ನಕ್ಕವರ ಲೆಕ್ಕ ಕಾಣುವ ಹಾಗೆ ತೆಗೆದದ್ದು. ಎಂದಾದರೂ ಅಳಿಸಬೇಕಾದೀತು ಎಂದು ಮುಂಚಿತವಾಗಿ ಉಳಿಸಿಕೊಂಡಿದ್ದೆ. ಅಷ್ಟೇ ನಾನು ಮಾಡಿದ್ದು.

ಭಾನುವಾರ ಬೆಳಿಗ್ಗೆ ಅತ್ತಿಗೆ ಕೆಳಗಿಳಿದು ಬಂದರು. ಹೆಂಡತಿ ಕಾಫಿ ಕೊಟ್ಟಳು. ಅವರು ಲೋಟವನ್ನು ಕೆಳಗಿಟ್ಟು, ತಮ್ಮ ಫೋನು ತೆಗೆದು, ನಾನು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಮೂವತ್ತು ವರ್ಷ ಮೈಕಿನ ಮುಂದೆ ನಿಂತ ಧ್ವನಿ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ‘ಗಂಡನೂ ಬೇಕಾಗಿಲ್ಲ’ ಎನ್ನುವುದಕ್ಕೆ ಮೊದಲು ಒಂದು ಉಸಿರು ಬಿಟ್ಟು ಓದಿದರು. ನನ್ನ ಜೋಕನ್ನು ನನಗಿಂತ ಚೆನ್ನಾಗಿ ಓದಿದರು.

“ಇದನ್ನ ನಾನು ಇಬ್ಬರಿಗೆ ಹೇಳಿದ್ದು,” ಎಂದರು. “ಒಬ್ಬರು ಗೋಡೆ ಮೇಲಿದಾರೆ.”

ಅಣ್ಣನ ಫೋಟೋ ಅವರ ಮನೆಯ ಗೋಡೆಯ ಮೇಲಿದೆ. ಇನ್ನೊಬ್ಬ ನಾನು.

“ಅಳು ಬರಲಿಲ್ಲ ಅಂತ ಯಾರೋ ಹೇಳಿದ್ದು ನಿಂಗೆ?”

“ನೀವೇ ಅಲ್ವಾ ಅತ್ತಿಗೆ.”

“ನಾನಾ? ಅವಳು ಪರದೆ ಮೇಲೆ ಎರಡು ಸಲ ಬಿಕ್ಕಿ, ಸೆರಗಲ್ಲಿ ಬಾಯಿ ಮುಚ್ಕೊಂಡ್ಳು. ಅವಳು ಮುಚ್ಚಿದಾಗ ನಾನೂ ಮುಚ್ಚಬೇಕು. ಆಗಲಿಲ್ಲ ಕಣೋ. ಅವಳು ಸುಮ್ಮನಾದ್ಮೇಲೂ ನಾನು ಅಳ್ತಾನೇ ಇದ್ದೆ. ಎಂಟು ಸಲ ಹಾಕಿ ಎಂಟು ಸಲವೂ ಹಾಗೇ ಆಯ್ತು. ಆ ಎಂಜಿನಿಯರು ಪಾಪ, ‘ಅಕ್ಕಾ, ವೀಟುಕ್ಕು ಪೋಂಗ’ ಅಂತ ನನ್ನ ಮನೆಗೆ ಕಳಿಸಿ, ಹಳೇದನ್ನ ಹಾಕ್ಕೊಂಡ. ಇದನ್ನೇ ನಿಂಗೆ ಅರ್ಧ ಗಂಟೆ ಕೂತು ಹೇಳಿದ್ದು. ನಿನ್ನ ಕಣ್ಣಲ್ಲೂ ನೀರಿತ್ತಪ್ಪ ಆವತ್ತು.”

ನನ್ನ ಕಣ್ಣಲ್ಲಿ ನೀರಿದ್ದದ್ದು ನನಗೆ ನೆನಪಿಲ್ಲ. ನೆನಪಿದ್ದದ್ದು ಎಂಟು ಟೇಕು, ಅಂಟಿಸಿದ ಅಳು, ಅಷ್ಟೇ. ನಡುವಿನದು ಎಲ್ಲಿ ತಲೆಕೆಳಗಾಯಿತೋ ತಿಳಿಯದು. ವರ್ಷಗಳಲ್ಲಿ ತಾನಾಗಿಯೇ ಹಾಗಾಯಿತು ಎಂದುಕೊಂಡರೆ ನನಗೆ ಅನುಕೂಲ. ಆದರೆ ಬಸ್ಸಿನಲ್ಲಿ ಕೂತು ಬರೆಯುವಾಗ ಒಂದು ಕ್ಷಣ ಬೆರಳು ನಿಂತಿತ್ತು ಎಂಬ ಅನುಮಾನವಿದೆ. ನಿಲ್ಲದ ಅಳುವಿಗೆ ಯಾರೂ ನಗುವುದಿಲ್ಲ, ಬಾರದ ಅಳುವಿಗೆ ನಗುತ್ತಾರೆ ಎಂದು ಆಗ ನನಗೆ ತಿಳಿದಿತ್ತೇ? ತಿಳಿದಿತ್ತು ಎಂದೇ ಬರೆದಿಡುತ್ತೇನೆ.

ಅವರು ಬಂದದ್ದು ಅಳುವುದಕ್ಕಾಗಲಿ ಬೈಯುವುದಕ್ಕಾಗಲಿ ಅಲ್ಲ. ಸ್ಟುಡಿಯೋದವರು ಧ್ವನಿ ಕಲಾವಿದರ ಕೈಗೆ ಒಂದು ಕಾಗದ ಕೊಟ್ಟಿದ್ದರು. ಇದುವರೆಗಿನ ರೆಕಾರ್ಡಿಂಗುಗಳನ್ನು ಯಂತ್ರಕ್ಕೆ ಕೊಡಲು ತಮ್ಮ ಒಪ್ಪಿಗೆಯಿದೆ ಎಂದು ಸಹಿ ಹಾಕಬೇಕು. ಕನ್ನಡದವರು ಎಂಟು ಜನ ಸೇರಿ, ಪ್ರತಿ ಸಲವೂ ನಮ್ಮನ್ನು ಕೇಳಿಯೇ ಬಳಸಬೇಕು ಎಂದು ಹೇಳಲು ಅತ್ತಿಗೆಯನ್ನು ಮುಂದೆ ಮಾಡಿದ್ದರು. ಶುಕ್ರವಾರ ಅವರು ಮಾತಾಡಲು ಶುರು ಮಾಡಿದಾಗ, ಅಲ್ಲಿನ ಮ್ಯಾನೇಜರ್ ಫೋನು ತೆಗೆದು ನನ್ನ ಬರಹವನ್ನು ಎಲ್ಲರಿಗೂ ತೋರಿಸಿದ್ದ. ಅದರಲ್ಲಿನ ಕಲಾವಿದೆ ಯಾರೆಂದು ಎಂಟು ಜನಕ್ಕೂ ಗೊತ್ತಾಗಿತ್ತು.

“ನಾಳೆ ಮತ್ತೆ ಕರೆದಿದಾರೆ. ನೀನು ಬಾ,” ಎಂದರು ಅತ್ತಿಗೆ. “ಬರೆದಿದ್ದು ನಾನು, ಅದು ಸುಳ್ಳು ಅಂತ ಅವರ ಮುಂದೆ ಹೇಳು. ಬೇರೇನೂ ಬೇಡ.”

ಹೋದೆ. ಸ್ಟುಡಿಯೋದ ಹೊರಕೋಣೆಯಲ್ಲಿ ಎಂಟು ಪ್ಲಾಸ್ಟಿಕ್ ಕುರ್ಚಿ, ನನಗೆ ಇನ್ನೊಂದು ತಂದು ಹಾಕಿದರು. ಮ್ಯಾನೇಜರ್ ತಮಿಳಿನವನು. ಅವನ ಕನ್ನಡ ಧಾರಾವಾಹಿಗಳ ಅತ್ತೆಯರ ಸಂಭಾಷಣೆ ಕೇಳಿ ಕೇಳಿ ಬಂದದ್ದು, “ಏನು ಬಂದ ವಿಚಾರ?” ಎಂದು ಸೊಸೆಯನ್ನು ಕೇಳುವಂತೆ ನನ್ನನ್ನು ಕೇಳಿದ. ಹೇಳಬೇಕಾದ ಎರಡು ವಾಕ್ಯ ದಾರಿಯುದ್ದಕ್ಕೂ ಬಾಯಲ್ಲಿತ್ತು. ಬಾಯಿ ತೆರೆದಾಗ ಬೇರೆಯದೇ ಬಂತು: “ಸತ್ತವರ ವಿಷಯದಲ್ಲಿ ಸುಳ್ಳು ಹೇಳುವವರನ್ನ ಹಿಡಿಯೋದೇ ನನ್ನ ಕೆಲಸ ಸಾರ್, ವಿಮಾ ಕಚೇರಿ. ಈ ಸಲ ನಾನೇ ಸಿಕ್ಕಿಬಿದ್ದೆ.”

ಮ್ಯಾನೇಜರ್ ನಕ್ಕ. ಕುರ್ಚಿಗಳಲ್ಲೂ ಒಬ್ಬಿಬ್ಬರು ನಕ್ಕರು. ಅತ್ತಿಗೆ ನೆಲ ನೋಡುತ್ತಿದ್ದರು. ಆಮೇಲೆ ಸರಿಯಾಗಿಯೇ ಹೇಳಿದೆ, ಬರೆದದ್ದು ನಾನು, ಅವರಿಗೆ ಅಳು ಬರಲಿಲ್ಲ ಎಂಬುದು ಸುಳ್ಳು, ಅಳು ನಿಲ್ಲದೆ ಹೋದದ್ದು ನಿಜ. ಆದರೆ ನಗೆಯ ಮೇಲೆ ಹೇಳಿದ ಮಾತು ಅದು, ತೂಕವಿರಲಿಲ್ಲ.

“ಸರಿ ಸಾರ್. ಒಂದೇ ಒಂದು ಹೇಳಿಬಿಡಿ,” ಎಂದ ಮ್ಯಾನೇಜರ್. “ಬರಲಿಲ್ವೋ, ನಿಲ್ಲಲಿಲ್ವೋ, ಅದು ನಿಮ್ಮ ಮನೆ ವಿಷಯ. ಹಳೇ ಅಳು ಹಾಕಿದ್ದು ನಿಜ ತಾನೆ?”

“ನಿಜ.”

“ಅಮ್ಮ ಆವತ್ತು ಕೇಳಿದ್ರಾ, ನನ್ನ ಕೇಳದೆ ಯಾಕೆ ಹಾಕಿದ್ರಿ ಅಂತ?”

ನಾನು ಅತ್ತಿಗೆಯ ಕಡೆ ತಿರುಗಿದೆ. “ಆವತ್ತು ನಾನು ಇದ್ದ ಸ್ಥಿತಿ ಹಾಗಿತ್ತು,” ಎಂದರು ಅವರು.

“ಅದೇಮ್ಮಾ. ಆವತ್ತು ಕೇಳಲಿಲ್ಲ. ಈಗ ಪ್ರತಿ ಸಲ ಕೇಳಿ ಅಂದ್ರೆ ಹೇಗೆ?”

ನನ್ನ ಸುಳ್ಳು ಅತ್ತಿಗೆಯನ್ನು ಮಾತ್ರ ನೋಯಿಸಿತ್ತು. ನಾನು ಆ ಜೋಕಿನಲ್ಲಿ ಸೇರಿಸಿದ್ದ ಒಂದೇ ನಿಜ, ಎಂಟು ಜನರ ಬಾಯಿಂದಲೂ ಮಾತು ಕಸಿದುಕೊಂಡಿತು. ಐದು ಜನ ಅಲ್ಲೇ ಸಹಿ ಹಾಕಿದರು. ಇಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದರು. ಅತ್ತಿಗೆ ಸಹಿ ಹಾಕದ ಕಾಗದವನ್ನು ನಾಲ್ಕಾಗಿ ಮಡಚಿ ಬ್ಯಾಗಿನೊಳಗೆ ಹಾಕಿಕೊಂಡು ಎದ್ದರು.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತೆವು. “ಅದನ್ನ ಅಳಿಸಿಬಿಡ್ತೀನಿ ಅತ್ತಿಗೆ,” ಎಂದೆ.

“ಎಲ್ಲರ ಫೋನಲ್ಲೂ ಇದೆ. ಅಳಿಸಿ ಏನ್ ಮಾಡ್ತೀಯ?” ಎಂದರು. “ನಿನ್ನ ಹೆಸರು ಹಾಕು. ಹೇಳ್ಕೊಂಡು ತಿರುಗಿದವನು ಯಾರು ಅಂತಾದ್ರೂ ಗೊತ್ತಾಗ್ಲಿ. ನಡೆದಿದ್ದೇನು ಅನ್ನೋದನ್ನೂ ಬರಿ.”

ಅದೇ ಸಂಜೆ ಹಣ್ಣಿನ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಜೋಕಿನ ಕೆಳಗೆ ನಿಜ ನಡೆದದ್ದನ್ನು ಬರೆದೆ. ಆ ಬರಹಕ್ಕೆ ಬಂದದ್ದು ಎರಡೇ ಉತ್ತರ. ಒಂದರಲ್ಲಿ, ‘ತುಂಬಾ ಉದ್ದ ಆಯ್ತು’ ಎಂದಿತ್ತು. ಇನ್ನೊಂದು ಯಾವುದೋ ಫೋನಿನ ಮಾರಾಟದ್ದು. ಮೇಲಿನ ಜೋಕಿಗೆ ನಗು ಬರುತ್ತಲೇ ಇತ್ತು, ಈಗ ನನ್ನದೇ ಹೆಸರಿಗೆ.

ಆ ಸ್ಟುಡಿಯೋದಿಂದ ಅತ್ತಿಗೆಗೆ ಆಮೇಲೆ ಕರೆ ಬಂದಿಲ್ಲ. ಅವರು ಧ್ವನಿ ಕೊಡುತ್ತಿದ್ದ ಧಾರಾವಾಹಿಯ ತಾಯಿ ಈಗಲೂ ಸಂಜೆ ಏಳಕ್ಕೆ ಮಾತಾಡುತ್ತಾಳೆ. ಯಾರ ಧ್ವನಿ ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ.

ಹೆಸರು ಹಾಕಿದ ವಾರದಲ್ಲೇ ಕಚೇರಿಯ ಹಳೆಯ ಸಹೋದ್ಯೋಗಿಯೊಬ್ಬರ ಫೋನು ಬಂತು. “ಅದು ನೀವೇನಾ ಸಾರ್? ನಿಮ್ಮ ಕಥೆ ಒಂದೂ ಅರ್ಥ ಆಗ್ತಿರಲಿಲ್ಲ ನಂಗೆ. ಇದು ನೋಡಿ, ಏನ್ ಬರೆದಿದೀರಿ! ಕೆಳಗೆ ಉದ್ದಕ್ಕೆ ಏನೋ ಇದೆಯಲ್ಲ, ಅದನ್ನ ಮಾತ್ರ ತೆಗೆದುಬಿಡಿ, ಜೋಕ್ ಕೆಡುತ್ತೆ.”

“ಥ್ಯಾಂಕ್ಸ್,” ಎಂದೆ.

ಆಗ ಅತ್ತಿಗೆ ಅಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು ಎಂದು ನನ್ನ ನೆನಪು. ಇಲ್ಲ, ಆ ದಿನ ಅವರು ಕೆಳಗೆ ಬಂದೇ ಇರಲಿಲ್ಲ ಎನ್ನುತ್ತಾಳೆ ಮಗಳು. ಆದರೆ ಥ್ಯಾಂಕ್ಸ್ ಅಂದದ್ದನ್ನು ಅವಳೂ ಕೇಳಿಸಿಕೊಂಡಿದ್ದಾಳೆ.