ಅಕ್ಕ ಅಳೆದಿಟ್ಟ ಬೈಗುಳಗಳು

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ತಡವಾಗಿ. ಮೊಬೈಲಿನಲ್ಲಿ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ಮನ್ನಿಸಿ, ಆದರೆ ಅರ್ಧಕ್ಕೆ ಬಿಟ್ಟು ಹೋಗಬೇಡಿ. ಹೇಳಬೇಕಾದ್ದು ಕೊನೆಯಲ್ಲಿದೆ.

ಅಕ್ಕನ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ನುಣ್ಣಗೆ, ಬೇಯಿಸಿ ಸುಲಿದ ಕಡಲೆಕಾಯಿ ಬೀಜದ ಹಾಗೆ ಹೊಳೆಯುತ್ತಿತ್ತು. ಆ ಬೆರಳನ್ನೇ ಪುಸ್ತಕದ ಸಾಲಿನ ಕೆಳಗೆ ಇಟ್ಟು ಅವರು ನನಗೆ ಇಂಗ್ಲಿಷ್ ಓದಿಸಿದರು. ತುರುಬಿನಲ್ಲಿ ಸದಾ ಒಂದು ಮೋಟು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು.

ದೇವನಹಳ್ಳಿ ಕಡೆ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಅವರು ಕ್ಯಾಂಟೀನ್ ನಡೆಸುತ್ತಿದ್ದರು. ಊರು ಆವತಿ. ವಯಸ್ಸಿನಲ್ಲಿ ನನ್ನ ತಾಯಿಯಷ್ಟಾದರೂ ಕಾರ್ಖಾನೆಗೆಲ್ಲ ಅವರು ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬೆಂಗಳೂರಿನಲ್ಲಿ ಒಂದು ಡೆನ್ಮಾರ್ಕ್ ಸಂಸಾರದ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರಂತೆ. ಆ ಸಂಸಾರ ತನ್ನ ದೇಶಕ್ಕೆ ಹೊರಟಾಗ ಇವರನ್ನೂ ಕರೆದುಕೊಂಡು ಹೋಯಿತು. ಹನ್ನೊಂದು ವರ್ಷ ಅಲ್ಲಿದ್ದು ಬಂದರು. ನಮ್ಮ ಕಾರ್ಖಾನೆ, ಹಾಲು ತಣ್ಣಗಿಡುವ ಯಂತ್ರಗಳ ಬಿಡಿಭಾಗ ಮಾಡುವ ಜಾಗ, ಅದೂ ಡೆನ್ಮಾರ್ಕಿನವರದೇ. ಅದು ತಿಳಿದೇ ಅಕ್ಕ ಕ್ಯಾಂಟೀನ್ ಕೇಳಿಕೊಂಡು ಬಂದರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕಾರ್ಖಾನೆಯಲ್ಲಿ ಲೋಡಿಂಗ್ ಹೆಲ್ಪರ್ ಆಗಿದ್ದೆ. ಹೆಲ್ಪರ್‌ನಿಂದ ಪರ್ಮನೆಂಟ್ ಆಪರೇಟರ್ ಆಗಬೇಕಾದರೆ ಎಸ್ಸೆಸ್ಸೆಲ್ಸಿ ಬೇಕು ಅಂದರು. ಮೂವತ್ತೊಂದನೇ ವಯಸ್ಸಿನಲ್ಲಿ ಪರೀಕ್ಷೆಗೆ ಕಟ್ಟಿದೆ. ಎಲ್ಲ ಪಾಸಾಯಿತು, ಇಂಗ್ಲಿಷ್ ಎರಡು ಸಲ ಹೋಯಿತು. ಎರಡನೇ ಸಲ ಹೋದ ದಿನ ಕ್ಯಾಂಟೀನಿನಲ್ಲಿ ಊಟ ಬಿಟ್ಟು ಕೂತಿದ್ದೆ. ಅಕ್ಕ ಬಂದು ತಟ್ಟೆ ನೋಡಿದರು.

"ಮುದ್ದೆ ಮೇಲ್ ಯಾಕ್ಲಾ ಸಿಟ್ಟು?"

ಹೇಳಿದೆ. ಅವರು ಒಳಗೆ ಹೋಗಿ ಒಂದು ಹಳೇ ನೋಟ್‌ಪುಸ್ತಕ ತಂದು ನನ್ನ ಮುಂದೆ ಹಾಕಿದರು. "ನಾಳೆಯಿಂದ ಮಧ್ಯಾಹ್ನದ್ ಶಿಫ್ಟ್ ಮುಗಿದ್ಮೇಲೆ ಬಾ. ಮೊದ್ಲು ಬೈಗ್ಳ ಕಲಿ."

ನಾನು ತಮಾಷೆ ಅಂದುಕೊಂಡೆ. ಪುಟ ತೆಗೆದು ನೋಡಿದರೆ ನಿಜಕ್ಕೂ ಬೈಗುಳ. ಗೆರೆ ಹೊಡೆದು ನಾಲ್ಕು ಮನೆ ಮಾಡಿದ್ದರು. ಮೊದಲನೆಯದರಲ್ಲಿ ಇಂಗ್ಲಿಷ್ ಬೈಗುಳ, ಎರಡನೆಯದರಲ್ಲಿ ಅದಕ್ಕೆ ಡೆನ್ಮಾರ್ಕಿನವರ ಮಾತು, ಮೂರನೆಯದರಲ್ಲಿ ಕನ್ನಡ, ನಾಲ್ಕನೆಯದರಲ್ಲಿ ಆ ಬೈಗುಳ ಎಷ್ಟು ಭಾರ ಅನ್ನುವ ಅಳತೆ. ಪಾವು, ಅಚ್ಚೇರು, ಸೇರು, ಕೊಳಗ, ಹೀಗೆ. ಅವರ ಅಪ್ಪ ಕಣದಲ್ಲಿ ರಾಗಿ ಅಳೆಯುತ್ತಿದ್ದವರು. ಪಾವು ಅಂದರೆ ಬೊಗಸೆಯಷ್ಟು, ಕೊಳಗ ಅಂದರೆ ಎರಡೂ ಕೈ ಹಾಕಿ ಎತ್ತಬೇಕಾದಷ್ಟು. ಲೇಜಿ ಅಂದರೆ ಮೈಗಳ್ಳ, ಅದು ಅಚ್ಚೇರು. ಲೈಯರ್‌ಗೆ ಅಲ್ಲಿ ಲೊಯ್ನರ್ ಅನ್ನುತ್ತಾರೆ, ಸುಳ್ಳುಗಾರ, ಅದು ತುಂಬಿದ ಸೇರು. ಫೂಲ್‌ಗೆ ಫ್ಯೋಲ್ಸ್, ಪೆದ್ದ, ಬರೀ ಪಾವು. ಹಂದಿ ಅನ್ನುವುದಕ್ಕೆ ಸ್ವೀನ್. ಅದರ ಮೊದಲಿಗೆ ದುಮ್ಮ, ಅಂದರೆ ದಡ್ಡ, ಅಂತ ಸೇರಿಸಿ ದುಮ್ಮ ಸ್ವೀನ್ ಅಂದರೆ ಕೊಳಗ. ಹೊಸ ಅಳತೆ ಬರೆದ ಮೇಲೆ ಅಕ್ಕ ಅಂಗೈಯನ್ನು ಪುಟದ ಮೇಲೆ ಒಂದು ಸಲ ಸವರುತ್ತಿದ್ದರು, ಸೇರಿನ ಬಾಯಿ ಸವರಿ ಮಟ್ಟ ಮಾಡುವ ಹಾಗೆ.

"ಒಳ್ಳೇ ಮಾತು ಅರ್ಥ ಆಗ್ದಿದ್ರೆ ಏನೂ ನಷ್ಟ ಇಲ್ಲ ಕಣಪ್ಪ. ಬೈದಿದ್ದು ಅರ್ಥ ಆಗ್ದಿದ್ರೆ ಹಲ್ ಕಿರ್ಕೊಂಡ್ ನಿಂತಿರ್ತೀಯ" ಅಂದರು.

ಪುಸ್ತಕದ ಮೊದಲ ಸಾಲಿನಲ್ಲಿ ಮಾತ್ರ ಅಳತೆಯ ಮನೆ ಖಾಲಿ. ಆ ಸಾಲು ದುಮ್ಮ ಗೋಸ್. ದಡ್ಡ ಹೆಬ್ಬಾತು ಅಂತ. ಪೆದ್ದ ಹೆಂಗಸಿಗೆ ಅನ್ನುವುದಂತೆ.

ಆ ಕಥೆಯನ್ನು ಅಕ್ಕ ಒಂದೇ ಒಂದು ಸಲ ಹೇಳಿದರು. ಅಲ್ಲಿಗೆ ಹೋದ ಹೊಸದರಲ್ಲಿ ಮಗು ಆಟವಾಡುತ್ತಾ ಬಾಗಿಲು ದೂಡಿ, ಇವರ ಬೆರಳು ಸಂದಿಗೆ ಸಿಕ್ಕಿತು. ಉಗುರು ಕಿತ್ತು ಬಂತು. ಮನೆಯೊಡತಿ ಓಡಿ ಬಂದು, ಬಿಳೀ ನೆಲದ ಮೇಲೆ ಬಿದ್ದ ರಕ್ತ ನೋಡಿ, ದುಮ್ಮ ಗೋಸ್ ಅಂದಳು. ಅಕ್ಕ ಅದನ್ನು ಸಮಾಧಾನದ ಮಾತು ಅಂದುಕೊಂಡು ತಾಕ್ ಅಂದರು. ತಾಕ್ ಅಂದರೆ ಥ್ಯಾಂಕ್ಸ್. ಆಮೇಲೆ ಆ ಹೆಂಗಸು ಹಾಗೆ ಅಂದಾಗಲೆಲ್ಲ ಅಕ್ಕ ನಗುತ್ತಾ ತಾಕ್ ಹೇಳಿದರು. ಮೂರು ತಿಂಗಳಾದ ಮೇಲೆ ಪಕ್ಕದ ಮನೆಯ ಅಜ್ಜಿ ತಡೆಯಲಾರದೆ ಅರ್ಥ ಹೇಳಿದಳು. ಅಕ್ಕ ಆವತ್ತೇ ಹೋಗಿ ನೋಟ್‌ಪುಸ್ತಕ ಕೊಂಡರು.

ಕಲಿಸುವ ಮೊದಲು ಅವರು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು. "ಈ ಪುಸ್ತ್ಕ ಕೇಳಿಸ್ಕೊಳ್ಳೋಕೆ. ಆಡೋಕಲ್ಲ. ಒಂದ್ ಸಲ ನಿನ್ ಬಾಯಿಂದ ಬಂತೋ, ಆವತ್ಗೆ ಪಾಠ ಬಂದ್." ನಾನು ಹೂಂ ಅಂದೆ. ಬೈಗುಳದಿಂದ ಶುರುವಾಗಿ ಪತ್ರ, ಪ್ರಬಂಧ, ವ್ಯಾಕರಣ ಎಲ್ಲ ಆಯಿತು. ಮೂರನೇ ಸಲ ಪಾಸಾದೆ. ಆಪರೇಟರ್ ಅಂತ ಆರು ತಿಂಗಳ ಪ್ರೊಬೇಷನ್‌ಗೆ ಹಾಕಿದರು. ಅದು ಮುಗಿಯಲು ಇನ್ನು ಇಪ್ಪತ್ತು ದಿನವಿತ್ತು. ಅಷ್ಟರಲ್ಲಿ ಹೊಸ ಯಂತ್ರ ಬಂತು.

ಅದನ್ನು ಜೋಡಿಸಿ ಓಡಿಸಿ ತೋರಿಸಲು ಡೆನ್ಮಾರ್ಕಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಎತ್ತರದ ಆಳು, ಮಾತು ಕಡಿಮೆ. ಹೊಸ ಯಂತ್ರವನ್ನು ನಮ್ಮಲ್ಲಿ ಪೂಜೆ ಮಾಡದೆ ಯಾರೂ ಮುಟ್ಟುವುದಿಲ್ಲ. ಪೂಜೆಯ ಕೆಲಸ ನನ್ನದು. ಬೆಳಿಗ್ಗೆ ಬೇಗ ಹೋಗಿ ಕಾಯಿ ಒಡೆದೆ, ನಿಂಬೆಹಣ್ಣು ಇಟ್ಟೆ. ಯಂತ್ರಕ್ಕೆ ಬೊಟ್ಟು ಇಡಬೇಕಲ್ಲ. ಮೇಲ್ಗಡೆ, ಹಣೆಯ ಹಾಗೆ ಕಾಣುವ ಜಾಗದಲ್ಲಿ ದುಂಡನೆಯ ಕಪ್ಪು ಗಾಜಿತ್ತು. ಅಲ್ಲಿ ವಿಭೂತಿ ಮೂರು ಗೆರೆ ಎಳೆದು ನಡುವೆ ದಪ್ಪಗೆ ಕುಂಕುಮ ಇಟ್ಟೆ. ಕೈ ಮುಗಿದೆ.

ಆ ಗಾಜು ಯಂತ್ರದ ಕಣ್ಣು. ಬರುವ ಪೈಪುಗಳನ್ನು ನೋಡಿ ಎಣಿಸುವ ಸೆನ್ಸರ್ ಅದರ ಹಿಂದಿತ್ತು. ನನಗೆ ಗೊತ್ತಿರಲಿಲ್ಲ.

ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು. ಎಂಜಿನಿಯರ್ ವೈರು ಬಿಚ್ಚಿ ನೋಡಿದರು, ಕಂಪ್ಯೂಟರ್ ತೆಗೆದು ನೋಡಿದರು, ಯಂತ್ರದ ಕೆಳಗೆ ಮಲಗಿ ನೋಡಿದರು. ಮಧ್ಯಾಹ್ನವಾಯಿತು. ಕೊನೆಗೆ ಏಣಿ ಹತ್ತಿದವರು ಅಲ್ಲೇ ನಿಂತರು. ಇಳಿದು ಬಂದು, ನೆಲ ಒರೆಸುವ ಬಟ್ಟೆ ಎತ್ತಿಕೊಂಡು ಮತ್ತೆ ಹತ್ತಿ, ಕುಂಕುಮ ಒರೆಸಿದರು. ಯಾರು ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ಕೂಗಿದರು. ನಾನು ಕೈ ಎತ್ತಿದೆ. ಕೆಂಪಾದ ಆ ಬಟ್ಟೆಯನ್ನು ನನ್ನ ಕಾಲ ಬಳಿ ಎಸೆದು "ಫ್ಯೋಲ್ಸ್!" ಅಂದರು.

ಸುತ್ತ ನಿಂತಿದ್ದವರು ಕಿಸಕ್ಕನೆ ನಕ್ಕರು. ಪಕ್ಕದಲ್ಲಿದ್ದ ದೇವನಹಳ್ಳಿ ಟೌನಿನ ಸಾಬರ ಹುಡುಗ, ನನ್ನ ಜೊತೆಯ ಆಪರೇಟರ್, ಕಿವಿಯಲ್ಲಿ "ಏನ್ ಗುರು, ದೊರೆ ನಿಂಗೆ ಹೊಸ ಹೆಸ್ರಿಟ್ನಾ?" ಅಂದ. ಅವನಿಗೆ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬರೀ ಪಾವು ಅಂತಲೂ ಗೊತ್ತಿತ್ತು. ಆದರೆ ಕಾಲ ಬಳಿ ಕುಂಕುಮದ ಬಟ್ಟೆ ಬಿದ್ದಿತ್ತು. ನಾನು ಅವರ ಮುಖ ನೋಡಿ "ದುಮ್ಮ ಸ್ವೀನ್" ಅಂದೆ. ಎರಡು ಸಲ ಅಂದೆ.

ಆ ಮನುಷ್ಯ ಬೆಳ್ಳಗಾದರು. ನಗುತ್ತಿದ್ದವರು ನಿಲ್ಲಿಸಿದರು.

ಮಾರನೇ ದಿನ ಹನ್ನೊಂದು ಗಂಟೆಗೆ ವಿಚಾರಣೆ ಅಂತ ಚೀಟಿ ಬಂತು. ಭಾಷೆ ಬಲ್ಲವರು ಅಂತ ಅಕ್ಕನನ್ನೂ ಕರೆದಿದ್ದರು. ನಾನು ಬೆಳಿಗ್ಗೆಯೇ ಕ್ಯಾಂಟೀನಿಗೆ ಓಡಿದೆ. ಅಕ್ಕ ಅಕ್ಕಿ ಅಳೆದು ಹಾಕುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

"ತಪ್ಪಾಯ್ತಕ್ಕಾ."

"ಪಾಠ ಬಂದ್ ಆಯ್ತು. ನೆನಪೈತಾ?"

"ಐತೆ. ಅಕ್ಕಾ, ಒಂದ್ ಮಾತು. ಅವ್ರಂದಿದ್ದೂ ಕೊಳಗಾನೇ ಅಂತ ಹೇಳ್ಬಿಡಿ. ಸಮಕ್ ಸಮ ಆಗೋಗುತ್ತೆ. ಮ್ಯಾನೇಜರ್‌ಗೇನ್ ಗೊತ್ತಾಗುತ್ತೆ?"

"ಅಂದೋನು ಅಲ್ಲೇ ಕೂತಿರ್ತಾನಲ್ಲೋ. ಅವ್ನ್ಗೆ ಗೊತ್ತಾಗಲ್ವಾ?"

"ನನ್ ಪರ್ಮನೆಂಟ್ ಆರ್ಡ್ರು ಹೋಗುತ್ತಕ್ಕಾ. ಮತ್ತೆ ಮೂಟೆ ಹೊರೋಕ್ ಹಾಕ್ತಾರೆ."

ಅಕ್ಕ ಸೇರಿನ ಬಾಯಿ ಸವರಿದರು. ಉಳಿದ ಅಕ್ಕಿ ಮೂಟೆಯೊಳಗೆ ಉದುರಿತು. "ಹೋದ್ರೆ ಹೋಗ್ಲಿ. ನಾನ್ ಅಳ್ತೆ ತಪ್ಪಲ್ಲ" ಅಂದರು.

ಮ್ಯಾನೇಜರ್ ಅವರ ಗಾಜಿನ ಕೋಣೆಯಲ್ಲಿ ಎ.ಸಿ. ಇತ್ತು, ಆದರೂ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಮೇಜಿನ ಆಚೆ ಮ್ಯಾನೇಜರ್, ಪಕ್ಕದಲ್ಲಿ ಎಂಜಿನಿಯರ್. ಈಚೆ ನಾನು. ಅಕ್ಕ ಸೆರಗು ಹೊದ್ದು ನಡುವೆ ಕೂತಿದ್ದರು.

"ಏನಮ್ಮ, ಸರ್ ಇವ್ನಿಗೆ ಅಂದಿದ್ದೇನು, ಇವ್ನು ಅವ್ರಿಗೆ ಅಂದಿದ್ದೇನು? ಸರಿಯಾಗ್ ಹೇಳಿ" ಅಂದರು ಮ್ಯಾನೇಜರ್.

ಅಕ್ಕ ಮೇಜಿನ ಮೇಲಿದ್ದ ಪೇಪರ್ ಲೋಟ ಎತ್ತಿ ತೋರಿಸಿದರು. "ಅವ್ರಂದಿದ್ದು ಇಷ್ಟು ಸಾರ್." ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಕ್ಯಾನ್ ಇತ್ತು. ಉಗುರಿಲ್ಲದ ಬೆರಳನ್ನು ಅದರ ಕಡೆ ಚಾಚಿದರು. "ನಮ್ಮೋನಂದಿದ್ದು ಅಷ್ಟು."

ನನ್ನ ಕೆಲಸ ಹೋಯಿತು ಅಂದುಕೊಂಡೆ.

"ಇವ್ನ್ಗೆ ಈ ಮಾತು ಎಲ್ಲಿಂದ ಬಂತು?"

ಅಕ್ಕ ಸೆರಗಿನ ಒಳಗಿಂದ ನೋಟ್‌ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಎಂಜಿನಿಯರ್ ಅದನ್ನು ಎಳೆದುಕೊಂಡರು. ಪುಟ ತಿರುವಿದರು, ಮತ್ತೆ ಮೊದಲ ಪುಟಕ್ಕೆ ಬಂದರು. ಮೇಲಿನ ಸಾಲಿನ ಖಾಲಿ ಮನೆಯ ಮೇಲೆ ಬೆರಳಿಟ್ಟು ಅವರ ಭಾಷೆಯಲ್ಲಿ ಏನೋ ಕೇಳಿದರು. ಅಕ್ಕ ಉಗುರಿಲ್ಲದ ಬೆರಳು ತೋರಿಸಿ ಅದೇ ಭಾಷೆಯಲ್ಲಿ ನಿಧಾನವಾಗಿ ಉತ್ತರ ಕೊಟ್ಟರು. ಆಮೇಲೆ ನಮಗಾಗಿ ಕನ್ನಡದಲ್ಲಿ ಹೇಳಿದರು: "ಇದ್ಕ್ಯಾಕೆ ಅಳ್ತೆ ಬರ್ದಿಲ್ಲ ಅಂತ ಕೇಳಿದ್ರು. ಇದು ನನ್ ಮೇಲ್ ಬಿದ್ದಾಗ ನಾನ್ ನಗ್ತಿದ್ದೆ, ಎಷ್ಟಿತ್ತೋ ಗೊತ್ತಾಗ್ಲಿಲ್ಲ ಅಂದೆ."

ಎಂಜಿನಿಯರ್ ಕನ್ನಡಕ ತೆಗೆದರು. ಅಕ್ಕನ ಬೆರಳನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ "ಊನ್‌ಸ್ಕೂಲ್" ಅಂದರು. ಅದು ಆ ಪುಸ್ತಕದಲ್ಲಿ ಇರಲಿಲ್ಲ. ಕ್ಷಮಿಸು ಅಂತ ಅರ್ಥ ಅಂದರು ಅಕ್ಕ. ಬಟ್ಟೆ ಎಸೆದದ್ದು ತನ್ನ ತಪ್ಪು, ಹುಡುಗನಿಗೆ ಶಿಕ್ಷೆ ಬೇಡ, ಎಚ್ಚರಿಕೆ ಕೊಟ್ಟು ಬಿಡಿ ಅಂತ ಎಂಜಿನಿಯರ್ ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಹೇಳಿದರು.

ನನಗೆ ಉಸಿರು ಬಂತು. ಆದರೆ ಮ್ಯಾನೇಜರ್ ಮುಗಿಸಲಿಲ್ಲ. ಪುಸ್ತಕವನ್ನು ಬೆರಳ ತುದಿಯಲ್ಲಿ ತಟ್ಟಿದರು.

"ಸರ್ ಬಿಟ್ರೂ ಕಂಪನಿ ಬಿಡಲ್ಲ. ಏನಮ್ಮ, ಕ್ಯಾಂಟೀನಲ್ ಕೂರಿಸ್ಕೊಂಡು ಲೇಬರ್‌ಗೆ ದೊಡ್ಡೋರ್ನ ಬೈಯೋದ್ ಹೇಳ್ಕೊಟ್ರಾ?"

ಅಕ್ಕ ತಿರುಗಿ ನನ್ನನ್ನು ನೋಡಿದರು.

ಅಷ್ಟೇ. ಕೇಳಲಿಲ್ಲ, ಸನ್ನೆ ಮಾಡಲಿಲ್ಲ. ಬಾಯಿ ಬಿಡಬೇಕಾಗಿದ್ದವನು ನಾನು. ಕೇಳಿಸಿಕೊಳ್ಳುವುದಕ್ಕೆ ಕಲಿಸಿದರು, ಆಡಬೇಡ ಅಂತ ಮಾತು ತೆಗೆದುಕೊಂಡಿದ್ದರು ಅಂತ ಹೇಳಬೇಕಿತ್ತು. ಹೇಳಿದರೆ ಮಾತು ತಪ್ಪಿದವನು ನಾನಾಗುತ್ತಿದ್ದೆ. ಆಗ ತಾನೇ ಉಳಿದ ಆರ್ಡರ್ ಮತ್ತೆ ಮೇಜಿನ ಮೇಲೆ ಬರುತ್ತಿತ್ತು. ನಾನು ನೀರಿನ ಕ್ಯಾನ್ ನೋಡಿದೆ. ಅದರೊಳಗಿಂದ ಒಂದು ಗುಳ್ಳೆ ಗುಳುಕ್ ಅಂತ ಮೇಲೆ ಬಂತು. ಅದು ಒಡೆಯುವವರೆಗೂ ಅಕ್ಕ ಕಾದರು.

"ಪುಸ್ತ್ಕ ನಂದು ಸಾರ್. ಬರ್ದೋಳು ನಾನು" ಅಂದರು. ಹೇಳಿಕೊಟ್ಟೆ ಅಂತ ಸುಳ್ಳು ಹೇಳಲಿಲ್ಲ. ನನ್ನನ್ನು ಬಿಟ್ಟೂ ಕೊಡಲಿಲ್ಲ.

ನನಗೆ ಎಚ್ಚರಿಕೆ ಪತ್ರ ಬಂತು, ಪ್ರೊಬೇಷನ್ ಮುಗಿದಾಗ ಪರ್ಮನೆಂಟ್ ಆರ್ಡರೂ ಬಂತು. ಆ ಪುಸ್ತಕದ ನೆಪದಲ್ಲಿ ಕ್ಯಾಂಟೀನನ್ನು ಅಕ್ಕನಿಂದ ಬಿಡಿಸಿ ಬೇರೆಯವರಿಗೆ ಕೊಟ್ಟರು. ಅಕ್ಕ ಪಾತ್ರೆ ಸಾಗಿಸುವ ದಿನ ಸಾರಿನ ದೊಡ್ಡ ಹಂಡೆಯನ್ನು ನಾನೇ ಟೆಂಪೋಗೆ ಹೊತ್ತು ಹಾಕಿದೆ.

"ಆರ್ಡ್ರು ಬಂತೇನಪ್ಪ?"

"ಬಂತಕ್ಕಾ."

"ಸರಿ. ಸುಮ್ನೆ ಕೂರ್ಬೇಡ, ಪಿಯುಸಿಗ್ ಕಟ್ಟು."

ಆಮೇಲೆ ನಾಲ್ಕಾರು ಸಲ ಆವತಿಗೆ ಹೋದೆ. ಪ್ರತಿ ಸಲವೂ ಬೈಕ್ ನಿಲ್ಲಿಸುವಾಗ ಆವತ್ತು ಬಾಯಿ ಬಿಡದ್ದು ತಪ್ಪಾಯಿತು ಅಂತ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಅಕ್ಕ ಕಾಫಿ ಕೊಡುತ್ತಿದ್ದರು, ಪಿಯುಸಿ ಪಾಠ ಕೇಳುತ್ತಿದ್ದರು, ಚಕ್ಕೋತ ಸುಲಿದು ಕೊಡುತ್ತಿದ್ದರು. ನಾನು ತಿಂದು ಬರುತ್ತಿದ್ದೆ. ಈ ವರ್ಷ ಯುಗಾದಿಗೆ ಮುಂಚೆ ಅವರಿಗೆ ಜ್ವರ ಬಂತು. ಎಂಟೇ ದಿನದಲ್ಲಿ ಹೋಗಿಬಿಟ್ಟರು.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಅಕ್ಕನ ತಂಗಿಯ ಮಗಳು ನೋಟ್‌ಪುಸ್ತಕ ತಂದು ಕೈಗಿಟ್ಟಳು. "ದೊಡ್ಡಮ್ಮ ಇದ್ನ ನಿಮ್ಗೇ ಕೊಡ್ಬೇಕು ಅಂದಿದ್ರು ಅಣ್ಣ."

ಮನೆಗೆ ಬಂದು ತೆಗೆದೆ. ಮೊದಲ ಸಾಲಿನ ಅಳತೆ ಹಾಗೇ ಖಾಲಿಯಿತ್ತು. ಕೊನೆಯ ಪುಟದಲ್ಲಿ ಹೊಸದಾಗಿ ಒಂದು ಸಾಲು ಬರೆದಿದ್ದರು. ಇಂಗ್ಲಿಷ್ ಮನೆ ಖಾಲಿ, ಡೆನ್ಮಾರ್ಕಿನ ಮನೆ ಖಾಲಿ. ಕನ್ನಡದ ಮನೆಯಲ್ಲಿ, 'ಗೊತ್ತಿದ್ದೂ ಬಾಯಿ ಬಿಡದೆ ಕೂತಿರುವುದು' ಅಂತಿತ್ತು. ಅಳತೆಯ ಮನೆಯಲ್ಲಿ 'ಪಾವು' ಅಂತಿತ್ತು. ಪೆನ್ಸಿಲ್ ಅಕ್ಷರ ಪಕ್ಕಕ್ಕೆ ಸ್ವಲ್ಪ ಮಸುಕಾಗಿತ್ತು. ಅಂಗೈ ಸವರಿದ್ದರು.

ನನ್ನ ಕೆಲಸ ಉಳಿಸುವುದಕ್ಕೂ ಅಳತೆ ತಪ್ಪದ ಅಕ್ಕ ತಪ್ಪು ಅಳೆದದ್ದು ಅದೊಂದನ್ನೇ. ಅದು ಕೊಳಗ ಅಂತ ನನಗೆ ಗೊತ್ತು.

ಅದಕ್ಕೇ ಇಷ್ಟು ಉದ್ದ ಬರೆದೆ. ಆ ಗಾಜಿನ ಕೋಣೆಯಲ್ಲಿ ಹೇಳಬೇಕಾಗಿದ್ದನ್ನು ಈಗ ಎಲ್ಲರ ಮುಂದೆ ಹೇಳುತ್ತಿದ್ದೇನೆ: ಅಕ್ಕ ಬೈಯುವುದನ್ನು ಹೇಳಿಕೊಡಲಿಲ್ಲ. ಬೇಡ ಅಂದಿದ್ದರು. ಬೈದವನು ನಾನು.

ನಿಮ್ಮ ಪರವಾಗಿ ಹೀಗೆ ಯಾರಾದರೂ ತಮ್ಮ ತಲೆ ಮೇಲೆ ಹಾಕಿಕೊಂಡಿದ್ದರೆ, ನೀವೂ ಕೆಳಗೆ ಬರೆಯಿರಿ. ಅವರು ಇನ್ನೂ ಇದ್ದರೆ ಮೊದಲು ಅವರ ಮನೆಗೆ ಹೋಗಿ ಹೇಳಿ ಬನ್ನಿ. ಇಲ್ಲಿ ಆಮೇಲೆ ಬರೆಯಬಹುದು.